ಬೈಸಿಕಲ್ಲಿಗೆ ಯಾವ ದಾರಿ?

ಬಂಗಾರಪೇಟೆಯಿಂದ ಕೋಲಾರ ಚಿನ್ನದ ಗಣಿಯ ಕಡೆಗೆ ಬೈಸಿಕಲ್ಲು ತುಳಿಯುವವರನ್ನು ಕೇಳಿ ನೋಡಿ. ಎರಡು ಪಕ್ಷಗಳು ಕಾಣುವುವು. ಲಾರಿ ಬಸ್ಸುಗಳ ನಡುವೆ ಪ್ರಾಣ ಒತ್ತೆಯಿಡುವುದಕ್ಕಿಂತ ಪಾದಚಾರಿಗಳೊಡನೆ ದಾರಿ ಹಂಚಿಕೊಳ್ಳುವುದೇ ಲೇಸೆಂದು ಒಂದು ಪಕ್ಷ. ರಸ್ತೆಯನ್ನು ಒಮ್ಮೆ ಬಿಟ್ಟುಕೊಟ್ಟರೆ ಅದು ಮತ್ತೆ ನಮಗೆ ದಕ್ಕದೆಂದು ಇನ್ನೊಂದು.

ತುಸು ಲೆಕ್ಕ ಹಾಕೋಣ. ನಡೆಯುವವರ ವೇಗ ಗಂಟೆಗೆ ಸುಮಾರು 5 ಕಿಲೋಮೀಟರು, ಬೈಸಿಕಲ್ಲಿನದು 15, ಲಾರಿಯದು 50 ಎಂದಿಟ್ಟುಕೊಳ್ಳಿ. ರಸ್ತೆಯಲ್ಲಿ ಅಂತರ 35; ಕಾಲುದಾರಿಯಲ್ಲಿ 10 ಮಾತ್ರ. ಹಾಗಾದರೆ ಕಾಲುದಾರಿಯೇ ಗೆದ್ದಿತೆನ್ನುವಿರಾ? ತಾಳಿ. ರಸ್ತೆಯಲ್ಲಿ ಪೆಟ್ಟು ತಿನ್ನುವವರು ನಾವು. ಕಾಲುದಾರಿಯಲ್ಲಿ ಪೆಟ್ಟು ಕೊಡುವವರೂ ನಾವೇ. ಕಿವಿ ಮಂದವಾದ ಅಜ್ಜಿಗೆ ನಮ್ಮ ಗಂಟೆ ಕೇಳಿಸೀತೆ? ಅಡ್ಡರಸ್ತೆ ಕೂಡುವಲ್ಲಿ ಇನ್ನೊಂದು ಗಂಡಾಂತರ. ತಿರುಗುವ ಬಸ್ಸಿನ ಚಾಲಕನ ಕಣ್ಣು ರಸ್ತೆಯ ಮೇಲಿರುತ್ತದೆ. ಪಕ್ಕದ ಕಾಲುದಾರಿಯಿಂದ ಥಟ್ಟನೆ ಹೊರಬಿದ್ದ ಬೈಸಿಕಲ್ಲು ಅವನಿಗೆ ಕಾಣುವುದು ಕಟ್ಟಕಡೆಗೆ.

2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ಪಾಳಿಗೆ ಹೊರಡುವ ಬೈಸಿಕಲ್ಲುಗಳ ಸಾಲು ಇಲ್ಲವಾಯಿತು. (ಗುಂಪಿಗೆ ಲಾರಿಯೂ ಅಂಜುತ್ತದೆ!) 2006-07ರಿಂದ ಕೆಲವು ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಟ್ಟಿತು, ತುಳಿಯಲು ಹಾದಿ ಕೊಡಲಿಲ್ಲ. ನನ್ನ ಶಿಷ್ಯರಿಗೆ ನಾನು ಹೇಳುವುದಿಷ್ಟು: ರಾಬರ್ಟ್‌ಸನ್‌ಪೇಟೆಯ ಸಂದಣಿಯಲ್ಲಿ ಇಳಿದು ತಳ್ಳಿಕೊಂಡು ನಡೆಯಿರಿ, ಊರಾಚೆ ರಸ್ತೆಯ ಎಡಬದಿಯಲ್ಲಿ, ಒಬ್ಬರ ಹಿಂದೊಬ್ಬರು, ಹಿಂಬದಿಗೆ ಕೆಂಪು ದೀಪ ಕಟ್ಟಿಕೊಂಡು ಸಾಗಿರಿ.