ಮ್ಯಾಕ್ ಅಡ್ರೆಸ್: ಕೇಳಿದಾಗ ಯಾವುದನ್ನು ಕೊಡಬೇಕು?

ಬೆಳಗಾವಿಯ ಆಟೋ ನಗರದ ವರ್ಕ್‌ಶಾಪುಗಳಲ್ಲಿ ಈಗ ಲೇತು, ವೆಲ್ಡಿಂಗ್ ಮೆಷಿನ್ನುಗಳ ಜೊತೆಗೆ ಬಿಲ್ಲಿಂಗ್ ಕಂಪ್ಯೂಟರ್, ಡ್ರಾಯಿಂಗ್ ಮಾಡುವ ಕಂಪ್ಯೂಟರ್, ಬೆರಳೊತ್ತಿ ಹಾಜರಿ ಹಾಕುವ ಯಂತ್ರ, ಸಿಸಿಟಿವಿಯ ಡಿವಿಆರ್, ಕೆಲವೆಡೆ ಸಿಎನ್‌ಸಿ ಮೆಷಿನ್ನೂ ಸೇರಿ ಎಲ್ಲವೂ ಒಂದೇ ರೂಟರಿಗೆ ಜೋಡಿಸಿಕೊಂಡಿರುತ್ತವೆ. ಕ್ಯಾಡ್ ಸಾಫ್ಟ್‌ವೇರ್ ಕೊಂಡರೆ ಡೀಲರ್ ಕಡೆಯಿಂದ ಫೋನ್ ಬರುವುದುಂಟು: "ಸಾವ್ಕಾರ್ರ, ಆ ಕಂಪ್ಯೂಟರಿಂದು ಮ್ಯಾಕ್ ಅಡ್ರೆಸ್ ಕಳಸ್ರಿ, ಲೈಸೆನ್ಸ್ ಮಾಡಿ ಕೊಡ್ತೀವಿ." ಹುಡುಕುವುದು ಎರಡು ನಿಮಿಷದ ಕೆಲಸ. ಆದರೆ ಒಂದೇ ಕಂಪ್ಯೂಟರಿನಲ್ಲಿ ಇಂಥ ನಾಲ್ಕೈದು ಅಡ್ರೆಸ್ ಇರಬಹುದು. ತಪ್ಪಿದ್ದನ್ನು ಕಳಿಸಿದರೆ ಲೈಸೆನ್ಸ್ ಫೈಲ್ ಬಂದರೂ ಸಾಫ್ಟ್‌ವೇರ್ ತೆರೆಯುವುದಿಲ್ಲ.

ಮ್ಯಾಕ್ ಅಡ್ರೆಸ್ ಎಂದರೆ ನೆಟ್‌ವರ್ಕ್ ಕಾರ್ಡಿಗೆ ಕಾರ್ಖಾನೆಯಲ್ಲೇ ಬೀಳುವ ನಂಬರ್. 48 ಬಿಟ್‌ಗಳ ಈ ನಂಬರನ್ನು ಎರಡೆರಡು ಅಕ್ಷರಗಳ ಆರು ಜೋಡಿಗಳಾಗಿ ಬರೆಯುತ್ತಾರೆ: 00-00-5ಇ-00-53-01. (ಉದಾಹರಣೆಗಳಿಗೆಂದೇ ಮೀಸಲಿಟ್ಟ ಅಡ್ರೆಸ್ ಇದು.) 0ಯಿಂದ 9ರವರೆಗಿನ ಅಂಕಿ, ಇಂಗ್ಲಿಷಿನ ಎಯಿಂದ ಎಫ್‌ವರೆಗಿನ ಅಕ್ಷರ ಬಿಟ್ಟು ಬೇರೇನೂ ಇದರಲ್ಲಿ ಬರುವುದಿಲ್ಲ. ಮೊದಲ ಮೂರು ಜೋಡಿ ಐಟ್ರಿಪಲ್‌ಇ ಸಂಸ್ಥೆ ತಯಾರಕರಿಗೆ ಹಂಚಿಕೊಟ್ಟದ್ದು, ಉಳಿದ ಮೂರನ್ನು ತಯಾರಕರೇ ಕೊಡುತ್ತಾರೆ. ಐಪಿ ಅಡ್ರೆಸ್ ರೂಟರ್ ಕೊಟ್ಟಂತೆ ಬದಲಾಗುತ್ತದೆ, ಇದು ಕಾರ್ಡಿನ ಜೊತೆಗೇ ಇರುತ್ತದೆ.

ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಸಿಎಂಡಿ ಎಂದು ಬರೆದು ಎಂಟರ್ ಒತ್ತಿ. ತೆರೆಯುವ ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಫಾರ್ವರ್ಡ್ ಸ್ಲ್ಯಾಶ್ ಹಾಕಿ, ಅದಕ್ಕೆ ತಾಗಿದಂತೆ ಆಲ್ ಎಂದು ಬರೆಯಿರಿ. ಉದ್ದನೆಯ ಪಟ್ಟಿ ಬರುತ್ತದೆ. ಮೊದಲು ಕಂಡ 'ಫಿಸಿಕಲ್ ಅಡ್ರೆಸ್' ಸಾಲನ್ನೇ ಬರೆದುಕೊಂಡು ಎದ್ದುಬಿಡಬೇಡಿ. ಅದರ ಮೇಲಿನ 'ಡಿಸ್ಕ್ರಿಪ್ಷನ್' ಸಾಲು ಓದಿ. ರಿಯಲ್‌ಟೆಕ್ ಅಥವಾ ಇಂಟೆಲ್ ಹೆಸರಿನ ಜೊತೆ ಈಥರ್ನೆಟ್ ಎಂದಿದ್ದರೆ ಅದು ಸಾಮಾನ್ಯವಾಗಿ ಕೇಬಲ್ ಸಿಕ್ಕಿಸುವ ಪೋರ್ಟಿನದು. ವೈರ್‌ಲೆಸ್ ಎಂದಿದ್ದರೆ ವೈಫೈನದು. ಬ್ಲೂಟೂತ್‌ಗೂ ಒಂದು ಇರುತ್ತದೆ. 'ವರ್ಚುವಲ್', 'ಹೈಪರ್-ವಿ', 'ವಿಎಂವೇರ್' ಎಂಬ ಹೆಸರಿದ್ದರೆ ಅದು ಸಾಫ್ಟ್‌ವೇರ್ ಹುಟ್ಟಿಸಿಕೊಂಡ ಅಡ್ರೆಸ್. ಲೈಸೆನ್ಸಿಗೆ ಅದನ್ನು ಯಾವತ್ತೂ ಕೊಡಬೇಡಿ. ಕೇಬಲ್ ಸಿಕ್ಕಿಸಿರದಿದ್ದರೆ 'ಮೀಡಿಯಾ ಡಿಸ್ಕನೆಕ್ಟೆಡ್' ಎಂದು ಬರುತ್ತದೆ, ಆದರೂ ಅಡ್ರೆಸ್ ಕಾಣುತ್ತದೆ. ಗಾಬರಿ ಬೇಡ.

ಲ್ಯಾನ್ ಪೋರ್ಟ್ ಇಲ್ಲದ ತೆಳು ಲ್ಯಾಪ್‌ಟಾಪಿಗೆ ಯುಎಸ್‌ಬಿ ಅಡಾಪ್ಟರ್ ಹಾಕಿರುತ್ತಾರಲ್ಲ, ಅಡ್ರೆಸ್ ಇರುವುದು ಆ ಅಡಾಪ್ಟರಿನಲ್ಲಿ. ಅದರ ಮೇಲೆ ಲೈಸೆನ್ಸ್ ಮಾಡಿಸಿ, ನಾಳೆ ಯಾರೋ ಅದನ್ನು ಬಿಚ್ಚಿ ಪಕ್ಕದ ಮೇಜಿಗೆ ಒಯ್ದರೆ ಸಾವಿರಾರು ರೂಪಾಯಿಯ ಸಾಫ್ಟ್‌ವೇರ್ ನಿಂತೇಹೋದೀತು. ರಿಪೇರಿಯಲ್ಲಿ ಮದರ್‌ಬೋರ್ಡ್ ಬದಲಾದರೂ ಅದರ ಮೇಲಿನ ಪೋರ್ಟಿನ ಅಡ್ರೆಸ್ ಬದಲಾಗುತ್ತದೆ, ಡೀಲರಿಗೆ ಮೊದಲೇ ತಿಳಿಸಿ.

ಲಿನಕ್ಸ್‌ನಲ್ಲಿ ಐಪಿ, ಸ್ಪೇಸ್, ಲಿಂಕ್ ಎಂದು ಬರೆದರೆ 'ಲಿಂಕ್/ಈಥರ್' ಎಂಬುದರ ಮುಂದೆ ಅಡ್ರೆಸ್ ಸಿಗುತ್ತದೆ. ಆಪಲ್ ಕಂಪ್ಯೂಟರಿನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದ ಹಾರ್ಡ್‌ವೇರ್ ಪುಟ ನೋಡಿ.

ಡಿವಿಆರ್, ಹಾಜರಿ ಯಂತ್ರಗಳಿಗೆ ಹೆಚ್ಚಾಗಿ ಹಿಂಬದಿಯಲ್ಲಿ ಸ್ಟಿಕ್ಕರ್ ಇರುತ್ತದೆ. ಗ್ರೀಸು, ಧೂಳಿಗೆ ಅದು ಅಳಿಸಿಹೋಗಿದ್ದರೆ ಅದೇ ರೂಟರಿನ ಕಂಪ್ಯೂಟರಿನಿಂದ ಯಂತ್ರದ ಐಪಿಗೆ ಒಮ್ಮೆ ಪಿಂಗ್ ಮಾಡಿ. ಆಮೇಲೆ ಎಆರ್‌ಪಿ, ಸ್ಪೇಸ್, ಹೈಫನ್, ಎ ಎಂದು ಕೊಟ್ಟರೆ ಐಪಿಯ ಎದುರಿಗೇ ಮ್ಯಾಕ್ ಅಡ್ರೆಸ್ ಬರುತ್ತದೆ. ಐಪಿಗೆ ಮ್ಯಾಕ್ ಹುಡುಕಿಕೊಡುವ ಈ ಎಆರ್‌ಪಿ ಪದ್ಧತಿ 1982ರದು, ಇಂದಿಗೂ ಬಳಕೆಯಲ್ಲಿದೆ.

ಮೊಬೈಲುಗಳ ವಿಷಯ ಬೇರೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನುಗಳು ಸಾಮಾನ್ಯವಾಗಿ ಪ್ರತಿ ವೈಫೈಗೂ ಬೇರೆಬೇರೆ ಅಡ್ರೆಸ್ ತೋರಿಸುತ್ತವೆ. ಎರಡನೆಯ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಇಂಥ ಬದಲಿ ಅಡ್ರೆಸ್ ಇರಬಹುದು ಎಂದು ತಿಳಿಯಿರಿ. ಹಾಗಾಗಿ ರೂಟರಿನಲ್ಲಿ ಮ್ಯಾಕ್ ಪಟ್ಟಿ ಮಾಡಿಟ್ಟರೆ ಹೊರಗಿನವರು ಬರಲಾರರು ಎಂದು ನಂಬಿ ಕೂರಬಾರದು. ಕಂಪ್ಯೂಟರಿನಲ್ಲೂ ಈ ಅಡ್ರೆಸ್ ಬದಲಿಸಿ ತೋರಿಸಬಹುದು. ವೈಫೈಗೆ ಗಟ್ಟಿ ಪಾಸ್‌ವರ್ಡ್ ಬೇಕೇ ಬೇಕು.

ಕಳಿಸುವಾಗ ಫೋನಿನಲ್ಲಿ ಓದಿ ಹೇಳಬೇಡಿ. ಮೆಷಿನ್ ಸದ್ದಿನ ನಡುವೆ ಬಿ, ಡಿ, ಇ ಮೂರೂ ಒಂದೇ ಥರ ಕೇಳಿಸುತ್ತವೆ. ಕಪ್ಪು ಕಿಟಕಿಯಲ್ಲಿ ಆ ಸಾಲನ್ನು ಮೌಸಿನಿಂದ ಸೆಲೆಕ್ಟ್ ಮಾಡಿ ಎಂಟರ್ ಒತ್ತಿದರೆ ಕಾಪಿ ಆಗುತ್ತದೆ. ಅದನ್ನೇ ವಾಟ್ಸಾಪಿಗೆ ಹಾಕಿ, ಯಾವ ಪೋರ್ಟಿನದೆಂದು ಪಕ್ಕದಲ್ಲೇ ಬರೆಯಿರಿ.