ಗುಂಗುರು ಕೂದಲು: ಒರಟುತನಕ್ಕೆ ಕಾರಣವೇನು, ಆರೈಕೆ ಹೇಗೆ?

ಮೈಸೂರು: ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಎಂಬುದು ನಮ್ಮಲ್ಲಿ ಪ್ರಚಲಿತವಿರುವ ಗಾದೆ. ಆದರೆ ಹುಟ್ಟಿನಿಂದಲೇ ಗುಂಗುರು ಕೂದಲು ಪಡೆದವರು ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಬೆಳಿಗ್ಗೆ ಬಾಚಿದ ಕೂದಲು ಮಧ್ಯಾಹ್ನದ ಹೊತ್ತಿಗೆ ಕೆದರಿ ನಿಲ್ಲುತ್ತದೆ, ಎಷ್ಟು ಎಣ್ಣೆ ಹಚ್ಚಿದರೂ ತುದಿ ಒಣಗಿಯೇ ಇರುತ್ತದೆ, ಬಾಚಣಿಗೆ ಹಾಕಿದರೆ ತುಂಡಾಗಿ ಉದುರುತ್ತದೆ ಎಂಬುದು ಅವರ ನಿತ್ಯದ ದೂರು. ಇದರ ಮೇಲೆ ‘ಕಾಗೆ ಗೂಡು’, ‘ನೂಡಲ್ಸ್’, ‘ಸ್ಪ್ರಿಂಗು’ ಎಂಬ ಶಾಲಾ ದಿನಗಳ ಅಡ್ಡಹೆಸರುಗಳು ಬೇರೆ.

ವಿಪರ್ಯಾಸವೆಂದರೆ ಕುರುಳು, ಮುಂಗುರುಳು, ಅಳಕ ಎಂದು ಇದೇ ಕೂದಲಿಗೆ ಮುದ್ದಾದ ಹೆಸರುಗಳನ್ನಿಟ್ಟ ಭಾಷೆ ನಮ್ಮದು. ಹಣೆಯ ಮೇಲಿನ ಒಂದೆರಡು ಸುರುಳಿಗಳನ್ನು ಮೆಚ್ಚುವ ನಾವು ತಲೆತುಂಬ ಸುರುಳಿ ಇದ್ದರೆ ಅದನ್ನು ಸರಿಪಡಿಸಬೇಕಾದ ದೋಷವೆಂದು ಭಾವಿಸುತ್ತೇವೆ. ಮದುವೆಗೆ ಮುನ್ನ, ಉದ್ಯೋಗದ ಸಂದರ್ಶನಕ್ಕೆ ಮುನ್ನ ಸಾವಿರಾರು ರೂಪಾಯಿ ತೆತ್ತು ಕೂದಲನ್ನು ನೇರಗೊಳಿಸಿಕೊಳ್ಳುವುದು ನಗರಗಳಲ್ಲಿ ಸಾಮಾನ್ಯವಾಗಿದೆ. ಈ ರಾಸಾಯನಿಕಗಳ ಕುರಿತು ಕಳೆದ ಕೆಲವು ವರ್ಷಗಳಲ್ಲಿ ಹೊರಬಂದಿರುವ ವೈದ್ಯಕೀಯ ವರದಿಗಳು ಮಾತ್ರ ಆತಂಕ ಹುಟ್ಟಿಸುವಂತಿವೆ. ಆದ್ದರಿಂದ ಗುಂಗುರು ಕೂದಲಿನ ಸ್ವಭಾವವನ್ನೂ ಅದರ ಆರೈಕೆಯನ್ನೂ ಅರಿಯುವುದು ಕೇವಲ ಸೌಂದರ್ಯದ ಪ್ರಶ್ನೆಯಾಗಿ ಉಳಿದಿಲ್ಲ.

ಕೂದಲು ಗುಂಗುರಾಗುವುದೇಕೆ?

ಕೂದಲಿನ ಆಕಾರವನ್ನು ನಿರ್ಧರಿಸುವುದು ಚರ್ಮದೊಳಗೆ ಹುದುಗಿರುವ ಅದರ ಬುಡದ ಚೀಲ, ಅಂದರೆ ಕೇಶಕೂಪ. ಕೇಶಕೂಪವು ನೆಟ್ಟಗಿದ್ದರೆ ಕೂದಲು ನೇರವಾಗಿ ಬೆಳೆಯುತ್ತದೆ. ಅದು ಬಾಗಿದ್ದರೆ ಸುರುಳಿಯಾಗುತ್ತದೆ. ನೇರ ಕೂದಲನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಮಟ್ಟಿಗೆ ದುಂಡಗೆ ಕಾಣುತ್ತದೆ. ಗುಂಗುರು ಕೂದಲು ಚಪ್ಪಟೆಯಾದ ಅಂಡಾಕಾರದಲ್ಲಿರುತ್ತದೆ. ಇದು ಮುಖ್ಯವಾಗಿ ಅನುವಂಶೀಯ ಗುಣ. ಪ್ರೌಢಾವಸ್ಥೆಗೆ ಬಂದಾಗ ಅಥವಾ ಗರ್ಭಧಾರಣೆಯ ನಂತರ ಕೆಲವರ ಕೂದಲಿನ ಸುರುಳಿ ಬದಲಾಗುವುದೂ ಉಂಟು.

ಕರ್ನಾಟಕದಲ್ಲಿ ಎಲ್ಲ ಬಗೆಯ ಸುರುಳಿಗಳೂ ಇವೆ. ಅಲೆಯಂತೆ ಬಳುಕುವ ಕೂದಲಿನಿಂದ ಹಿಡಿದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಸಮುದಾಯದವರ ದಟ್ಟ ಸುರುಳಿಗಳವರೆಗೆ ಈ ವೈವಿಧ್ಯ ಹರಡಿದೆ. ಆಫ್ರಿಕಾ ಮೂಲದ ಸಿದ್ದಿಗಳನ್ನು 2003ರಲ್ಲಿ ರಾಜ್ಯದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಒಂದೇ ಅಂಗಡಿಯ ಒಂದೇ ಬಾಟಲಿ ಇವರೆಲ್ಲರ ಕೂದಲಿಗೂ ಸಮನಾಗಿ ಒಗ್ಗೀತೆಂದು ನಿರೀಕ್ಷಿಸುವುದು ತರವಲ್ಲ.

ಒಣಗುವುದೇಕೆ?

ನೆತ್ತಿಯ ಚರ್ಮದಲ್ಲಿರುವ ಗ್ರಂಥಿಗಳು ಸ್ವಾಭಾವಿಕವಾಗಿಯೇ ಜಿಡ್ಡನ್ನು ಸ್ರವಿಸುತ್ತವೆ. ನೇರ ಕೂದಲಿನಲ್ಲಿ ಈ ಜಿಡ್ಡು ಇಳಿಜಾರಿನಲ್ಲಿ ಜಾರುವಂತೆ ತುದಿಯವರೆಗೆ ಸಾಗುತ್ತದೆ. ಸುರುಳಿ ಕೂದಲಿನಲ್ಲಿ ಪ್ರತಿಯೊಂದು ತಿರುವಿನಲ್ಲೂ ಅದಕ್ಕೆ ತಡೆ. ಪರಿಣಾಮವಾಗಿ ಬುಡ ಜಿಡ್ಡಾಗಿದ್ದರೂ ತುದಿ ಒಣಗಿರುತ್ತದೆ.

ಎರಡನೆಯ ಕಾರಣ ಕೂದಲಿನ ಹೊರಕವಚದಲ್ಲಿದೆ. ಮನೆಯ ಸೂರಿನ ಹೆಂಚುಗಳಂತೆ ಒಂದರ ಮೇಲೊಂದು ಹೊದಿಸಿದ ಸೂಕ್ಷ್ಮ ಪದರಗಳು ಕೂದಲನ್ನು ರಕ್ಷಿಸುತ್ತವೆ. ತಿರುವುಗಳಿರುವಲ್ಲಿ ಈ ಪದರಗಳು ಸುಲಭವಾಗಿ ಮೇಲೇಳುತ್ತವೆ, ಸವೆಯುತ್ತವೆ. ಆ ಸಂದಿಗಳಿಂದ ತೇವಾಂಶ ಹೊರಹೋಗುತ್ತದೆ, ಒಳಕ್ಕೂ ನುಗ್ಗುತ್ತದೆ.

ಮೈಸೂರಿನಲ್ಲಿ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಉಷ್ಣಾಂಶ 35 ಡಿಗ್ರಿಯ ಆಸುಪಾಸು ತಲುಪಿ ಒಣಗಾಳಿ ಬೀಸುವಾಗ ಕೂದಲು ಹುಲ್ಲಿನಂತಾಗುವುದು ಇದರಿಂದಲೇ. ಜೂನ್ ನಂತರ ಮಳೆಗಾಲದ ತೇವ ಗಾಳಿಗೆ ಅದೇ ಕೂದಲು ಉಬ್ಬಿ ಕೆದರುತ್ತದೆ. ಗಾಳಿಯಲ್ಲಿನ ನೀರಿನ ಅಂಶ ಕೂದಲಿನ ಕೆರಾಟಿನ್ ಪ್ರೋಟೀನಿನೊಳಗೆ ಸೇರಿ ಅಲ್ಲಿನ ದುರ್ಬಲ ಹೈಡ್ರೋಜನ್ ಬಂಧಗಳನ್ನು ಬಿಡಿಸಿ ಮತ್ತೆ ಕಟ್ಟುವುದೇ ಇದಕ್ಕೆ ಕಾರಣ. ಹಿಂದಿನ ದಿನ ಇಸ್ತ್ರಿ ಹೊಡೆದಂತೆ ನೇರಗೊಳಿಸಿದ ಕೂದಲು ಒಂದು ತುಂತುರು ಮಳೆಗೆ ಮೊದಲಿನಂತಾಗುವುದೂ ಹೀಗೆಯೇ.

ನೀರಿನ ಪಾತ್ರವೆಷ್ಟು?

ಬಡಾವಣೆ ಬದಲಾಯಿಸಿದ ಮೇಲೆ ಕೂದಲು ಕೆಟ್ಟಿತು ಎಂಬ ಮಾತು ಮೈಸೂರಿನಲ್ಲಿ ಆಗಾಗ ಕೇಳಿಬರುತ್ತದೆ. ನಗರದ ಹಳೆಯ ಭಾಗಗಳಿಗೆ ವಾಣಿ ವಿಲಾಸ ನೀರು ಸರಬರಾಜು ಕಾರ್ಯಾಗಾರದ ಮೂಲಕ ಕಾವೇರಿ, ಕಬಿನಿ ನೀರು ಬರುತ್ತದೆ. ಹೊರವಲಯದ ಅನೇಕ ಹೊಸ ಬಡಾವಣೆಗಳು ಕೊಳವೆಬಾವಿಯನ್ನು ನೆಚ್ಚಿಕೊಂಡಿವೆ. ಬಂಡೆಗಳ ನಡುವಿನಿಂದ ಬರುವ ಇಂಥ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಮಾನ್ಯವಾಗಿ ನದಿ ನೀರಿಗಿಂತ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಸಹಿಸಬಹುದು.

ಗಡಸು ನೀರು ಕೂದಲನ್ನು ದುರ್ಬಲಗೊಳಿಸುತ್ತದೆಯೇ ಎಂಬುದಕ್ಕೆ ಸಂಶೋಧನೆಗಳ ಉತ್ತರ ಒಂದೇ ಆಗಿಲ್ಲ. ಕೊಯಮತ್ತೂರಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಡಸು ನೀರಿನಲ್ಲಿ ತೊಳೆದ ಕೂದಲಿಗೂ ಶುದ್ಧೀಕರಿಸಿದ ನೀರಿನಲ್ಲಿ ತೊಳೆದ ಕೂದಲಿಗೂ ಬಲದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪಾಕಿಸ್ತಾನದಲ್ಲಿ 70 ಪುರುಷರ ಕೂದಲನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು ಬಲ ಕುಗ್ಗುವುದೆಂದು ಹೇಳಿತು. ಎರಡೂ ಸಣ್ಣ ಅಧ್ಯಯನಗಳು.

ಆದರೆ ಸಾಬೂನು ಮತ್ತು ಗಡಸು ನೀರಿನ ಜೋಡಿ ಹಾನಿಕರ ಎಂಬುದರಲ್ಲಿ ಸಂದೇಹವಿಲ್ಲ. ಮೈ ತೊಳೆಯುವ ಸಾಬೂನು ಕ್ಷಾರೀಯ. ಅದು ಗಡಸು ನೀರಿನ ಲವಣಗಳೊಡನೆ ಸೇರಿ ಬಿಳಿಯ ಗಷ್ಟಾಗಿ ಬಕೆಟ್ಟಿನ ಅಂಚಿಗೆ ಅಂಟುವಂತೆ ಕೂದಲಿಗೂ ಅಂಟುತ್ತದೆ. ಗುಂಗುರು ಕೂದಲಿನವರು ತಲೆಗೆ ಸಾಬೂನು ಬಳಸಲೇಬಾರದು. ಕೊಳವೆಬಾವಿ ನೀರು ಅನಿವಾರ್ಯವಾದರೆ ಕೊನೆಯ ಒಂದೆರಡು ಚೊಂಬು ಮಳೆನೀರು ಅಥವಾ ನದಿ ನೀರನ್ನು ಸುರಿದುಕೊಳ್ಳುವುದು ಸರಳ ಪರಿಹಾರ. ಇನ್ನೊಂದು ಮಾತು: ಈ ಲವಣಗಳು ಕೂದಲಿನ ಮೇಲ್ಮೈಯಲ್ಲಿ ಕೂರುತ್ತವೆಯೇ ಹೊರತು ಬುಡಕ್ಕೆ ಇಳಿಯುವುದಿಲ್ಲ. ಬುಡಸಹಿತ ಕೂದಲು ಉದುರುತ್ತಿದ್ದರೆ ಕಾರಣವನ್ನು ನಲ್ಲಿಯಲ್ಲಿ ಹುಡುಕದೆ ದೇಹದಲ್ಲಿ ಹುಡುಕಬೇಕು.

ಸೀಗೆ, ಚಿಗರೆ, ಎಣ್ಣೆಸ್ನಾನ

ನೀರು ತುಂಬುವ ಹಬ್ಬದ ಮರುದಿನ, ನರಕ ಚತುರ್ದಶಿಯ ಮುಂಜಾನೆ ಎಣ್ಣೆಸ್ನಾನ ಮಾಡುವುದು ಹಳೆ ಮೈಸೂರು ಸೀಮೆಯ ರೂಢಿ. ಯುಗಾದಿಗೂ ಇದೇ ಕ್ರಮ. ಸ್ನಾನಕ್ಕೆ ಮುನ್ನ ಎಣ್ಣೆ ಹಚ್ಚುವ ಈ ಪದ್ಧತಿಯ ಹಿಂದೆ ವೈಜ್ಞಾನಿಕ ಆಧಾರವೂ ಇದೆ. ಭಾರತೀಯ ಸಂಶೋಧಕರಾದ ಆರತಿ ರೇಲೆ ಹಾಗೂ ಆರ್.ಬಿ. ಮೊಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಾಗೂ ಖನಿಜ ತೈಲಗಳನ್ನು ಹೋಲಿಸಿದರು. ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿನ ಲಾರಿಕ್ ಆಮ್ಲದ ಅಣು ಚಿಕ್ಕದೂ ನೇರವೂ ಆಗಿರುವುದರಿಂದ ಕೂದಲಿನ ಒಳಕ್ಕೆ ಇಳಿಯಬಲ್ಲದು. ಹೀಗೆ ಇಳಿದ ಎಣ್ಣೆ, ತೊಳೆಯುವಾಗ ಕೂದಲು ನೀರು ಹೀರಿ ಉಬ್ಬುವುದನ್ನು ತಡೆಯುತ್ತದೆ. ಮೂರು ದಿನ ತಲೆಗೆ ಎಣ್ಣೆ ಬಿಡುವ ಅಗತ್ಯವಿಲ್ಲ. ಸ್ನಾನಕ್ಕೆ ಒಂದೆರಡು ಗಂಟೆ ಮುನ್ನ ಹಚ್ಚಿದರೆ ಸಾಕು.

ಎರಡು ಎಚ್ಚರಿಕೆಗಳು ಅಗತ್ಯ. ತಲೆಹೊಟ್ಟು ಇದ್ದವರು ನೆತ್ತಿಗೆ ಎಣ್ಣೆ ಹಚ್ಚಬಾರದು. ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಎಂಬ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ. ಇಂಥವರು ಕಿವಿಯಿಂದ ಕೆಳಗಿನ ಕೂದಲಿಗಷ್ಟೇ ಹಚ್ಚಿಕೊಳ್ಳುವುದು ಲೇಸು. ಇನ್ನು ಅಂಟಂಟಾದ ಹರಳೆಣ್ಣೆಯನ್ನು ಉದ್ದ ಕೂದಲಿಗೆ ಧಾರಾಳವಾಗಿ ಸುರಿಯುವುದು ಅಪಾಯಕರ. ಹರಳೆಣ್ಣೆ ಬಳಸಿ ತೊಳೆದ ಯುವತಿಯೊಬ್ಬಳ ಕೂದಲು ಬಿಡಿಸಲಾಗದಂತೆ ಗಂಟುಕಟ್ಟಿ, ಕತ್ತರಿಸಬೇಕಾಗಿ ಬಂದ ಪ್ರಕರಣವನ್ನು ವೈದ್ಯರು 2017ರಲ್ಲಿ ವರದಿ ಮಾಡಿದ್ದಾರೆ.

ಗ್ರಂದಿಗೆ ಅಂಗಡಿಗಳಲ್ಲಿ ಈಗಲೂ ದೊರೆಯುವ ಸೀಗೆಕಾಯಿ, ಅಂಟುವಾಳ, ಚಿಗರೆ ಪುಡಿಗಳಲ್ಲಿ ಸ್ವಾಭಾವಿಕವಾಗಿ ನೊರೆ ಕೊಡುವ ಸಪೋನಿನ್ ಅಂಶವಿದೆ. ಆದರೆ ಪುಡಿಯನ್ನು ನೇರವಾಗಿ ಸುರುಳಿ ಕೂದಲಿಗೆ ತಿಕ್ಕಿದರೆ ಅದರ ತರಿ ಒಳಗೇ ಸಿಕ್ಕಿಕೊಂಡು, ತೆಗೆಯುವ ಭರದಲ್ಲಿ ಕೂದಲು ತುಂಡಾಗುತ್ತದೆ. ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ, ತೆಳುಬಟ್ಟೆಯಲ್ಲಿ ಸೋಸಿ, ತಿಳಿಯನ್ನಷ್ಟೇ ಬಳಸುವುದು ಉತ್ತಮ. ದಾಸವಾಳದ ಎಲೆಯ ಲೋಳೆ, ನೆನೆಸಿ ರುಬ್ಬಿದ ಮೆಂತ್ಯ, ಲೋಳೆಸರಗಳು ಕೂದಲಿಗೆ ಜಾರುವಿಕೆಯನ್ನು ನೀಡಿ ಸಿಕ್ಕು ಬಿಡಿಸಲು ನೆರವಾಗುತ್ತವೆ. ಹೊಸ ಕೂದಲು ಹುಟ್ಟಿಸುವ ಶಕ್ತಿ ಇವುಗಳಿಗಿದೆ ಎಂಬ ಜಾಹೀರಾತಿನ ಮಾತುಗಳನ್ನು ನಂಬಬೇಕಿಲ್ಲ.

ಆರೈಕೆಯ ಕ್ರಮ

* ವಾರಕ್ಕೆ ಒಂದು ಅಥವಾ ಎರಡು ಬಾರಿ ತಲೆಸ್ನಾನ ಸಾಕು. ಬೆವರುವ ಕೆಲಸದವರು ನಡುವೆ ಬರಿ ನೀರಿನಲ್ಲಿ ನೆತ್ತಿ ತೊಳೆಯಬಹುದು.

* ಶಾಂಪೂ ನೆತ್ತಿಗೆ, ಕಂಡೀಷನರ್ ತುದಿಗೆ ಎಂಬುದು ಮೂಲಸೂತ್ರ. ಬಾಟಲಿಯ ಹಿಂಬದಿಯಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಹೆಸರು ಮೊದಲ ಸಾಲಿನಲ್ಲಿದ್ದರೆ ಅದು ಜಿಡ್ಡನ್ನು ಬಲವಾಗಿ ತೆಗೆಯುವ ಶಾಂಪೂ. ಒಣ ಕೂದಲಿಗೆ ಸೌಮ್ಯವಾದದ್ದನ್ನು ಆರಿಸಿಕೊಳ್ಳಬೇಕು.

* ಒಣಗಿದ ಗುಂಗುರು ಕೂದಲನ್ನು ಬಾಚಬಾರದು. ಕಂಡೀಷನರ್ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಅಥವಾ ಬೆರಳುಗಳಿಂದ, ತುದಿಯಿಂದ ಆರಂಭಿಸಿ ಬುಡದತ್ತ ಸಿಕ್ಕು ಬಿಡಿಸಬೇಕು. ಒದ್ದೆ ಕೂದಲು ಹಿಗ್ಗುವ ಗುಣದ್ದಾದ್ದರಿಂದ ಎಳೆದಾಡದೆ ತಾಳ್ಮೆ ವಹಿಸುವುದು ಮುಖ್ಯ.

* ಟವೆಲಿನಿಂದ ತಿಕ್ಕಿ, ಬಡಿದು ಒರೆಸುವುದನ್ನು ಬಿಡಬೇಕು. ಹಳೆಯ ಹತ್ತಿಯ ಪಂಚೆ ಅಥವಾ ಬನಿಯನ್ ಬಟ್ಟೆಯಲ್ಲಿ ಒತ್ತಿ ನೀರು ಹಿಂಡಿದರೆ ಸಾಕು.

* ಕೂದಲು ಇನ್ನೂ ಒದ್ದೆಯಿರುವಾಗಲೇ ಸ್ವಲ್ಪ ಕ್ರೀಮು ಅಥವಾ ಜೆಲ್ ಸವರಿ, ಮುಷ್ಟಿಯಲ್ಲಿ ಹಿಡಿದು ಮೇಲಕ್ಕೊತ್ತಿದರೆ ಸುರುಳಿ ನಿಲ್ಲುತ್ತದೆ. ಎರಡು ಚಮಚ ಅಗಸೆಬೀಜವನ್ನು ಎರಡು ಲೋಟ ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ಸೋಸಿದರೆ ಮನೆಯಲ್ಲೇ ಜೆಲ್ ಸಿದ್ಧ. ಇದನ್ನು ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಬಳಸಬೇಕು.

* ಒದ್ದೆ ಕೂದಲಿಗೆ ಬಿಸಿ ಇಸ್ತ್ರಿ ತಾಗಿಸಲೇಬಾರದು. ಒಳಗಿನ ನೀರು ಆವಿಯಾಗಿ ಕೂದಲಿನಲ್ಲಿ ಗುಳ್ಳೆಗಳೇಳುತ್ತವೆ.

* ಶಾಲೆಗೆ ಹೋಗುವ ಮಕ್ಕಳಿಗೆ ಎರಡು ಜಡೆ, ರಿಬ್ಬನ್ ಕಡ್ಡಾಯವಿರುವಲ್ಲಿ ಜಡೆಯನ್ನು ಸಡಿಲವಾಗಿ ಹೆಣೆಯಬೇಕು. ವರ್ಷಗಟ್ಟಲೆ ಬಿಗಿದು ಕಟ್ಟಿದರೆ ಹಣೆಯಂಚಿನ ಕೂದಲು ಶಾಶ್ವತವಾಗಿ ಹೋಗುವ ಸಂಭವವಿದೆ.

ನೇರಗೊಳಿಸುವ ಮುನ್ನ ಯೋಚಿಸಿ

ಸಲೂನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಯ ವಿಧಾನಗಳಿವೆ. ರಿಬಾಂಡಿಂಗ್‌ನಲ್ಲಿ ಥಯೋಗ್ಲೈಕೋಲೇಟ್‌ನಂತಹ ರಾಸಾಯನಿಕದಿಂದ ಕೂದಲಿನ ಗಟ್ಟಿಬಂಧಗಳನ್ನು ಮುರಿದು, ನೇರಗೊಳಿಸಿ ಮತ್ತೆ ಕಟ್ಟಲಾಗುತ್ತದೆ. ‘ಕೆರಾಟಿನ್ ಚಿಕಿತ್ಸೆ’, ‘ಸ್ಮೂತನಿಂಗ್’ ಎಂಬ ಹೆಸರಿನವುಗಳಲ್ಲಿ ಫಾರ್ಮಾಲ್ಡಿಹೈಡ್ ಅಥವಾ ಬಿಸಿಗೆ ಅದನ್ನು ಬಿಡುಗಡೆ ಮಾಡುವ ವಸ್ತುಗಳಿರಬಹುದು. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ.

ಅಮೆರಿಕದಲ್ಲಿ 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ನೇರಗೊಳಿಸುವ ರಾಸಾಯನಿಕಗಳನ್ನು ಬಳಸದವರಲ್ಲಿ 70 ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ 1.64; ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಬಳಸುವವರಲ್ಲಿ ಶೇ 4.05. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಿದ್ಧಪಡಿಸುವುದಿಲ್ಲ. ಆದರೂ ಉಪೇಕ್ಷಿಸುವಂಥದ್ದಲ್ಲ.

‘ಫಾರ್ಮಾಲ್ಡಿಹೈಡ್ ಇಲ್ಲ’ ಎಂಬ ಲೇಬಲ್ ಕಂಡು ನಿಶ್ಚಿಂತರಾಗುವಂತೆಯೂ ಇಲ್ಲ. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲ ಮೂತ್ರಪಿಂಡಕ್ಕೆ ಘಾತಕವಾಗಬಲ್ಲದೆಂಬ ವರದಿಗಳು ಬಂದಿವೆ. ಕೂದಲು ನೇರಗೊಳಿಸಿಕೊಂಡ ನಂತರ ತೀವ್ರ ಮೂತ್ರಪಿಂಡ ತೊಂದರೆಗೊಳಗಾದ 26 ಮಹಿಳೆಯರ ವಿವರವನ್ನು ಇಸ್ರೇಲಿನ ವೈದ್ಯರು 2023ರಲ್ಲಿ ಪ್ರಕಟಿಸಿದರು. ಒಬ್ಬಳೇ ಯುವತಿಗೆ 2020, 2021 ಹಾಗೂ 2022ರಲ್ಲಿ, ಮೂರೂ ಬಾರಿ ಸಲೂನ್ ಭೇಟಿಯ ಬೆನ್ನಲ್ಲೇ ಇದೇ ತೊಂದರೆ ಮರುಕಳಿಸಿದ ಪ್ರಕರಣ 2024ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬೆಳಕಿಗೆ ಬಂತು. ಚಿಕಿತ್ಸೆಯ ನಂತರ ವಾಂತಿ, ಹೊಟ್ಟೆ ಅಥವಾ ಬೆನ್ನುನೋವು, ಮೂತ್ರ ಕಡಿಮೆಯಾಗುವುದು ಕಂಡುಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸಲೂನ್‌ಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ಕಣ್ಣು ಉರಿಸುವ ಹೊಗೆಯಲ್ಲಿ ದಿನವಿಡೀ ನಿಲ್ಲುವ ಸಲೂನ್ ನೌಕರರ ಆರೋಗ್ಯದ ಪ್ರಶ್ನೆಯೂ ಇಲ್ಲಿದೆ.

ಅಷ್ಟಾಗಿಯೂ ಈ ಬದಲಾವಣೆ ಶಾಶ್ವತವಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹೊಸದಾಗಿ ಬರುವ ಕೂದಲು ಗುಂಗುರೇ ಆಗಿರುತ್ತದೆ.

ವೈದ್ಯರನ್ನು ಕಾಣುವುದು ಯಾವಾಗ?

ದಿನಕ್ಕೆ 100 ಕೂದಲಿನವರೆಗೆ ಉದುರುವುದು ಸಹಜ. ವಾರಕ್ಕೊಮ್ಮೆ ತೊಳೆಯುವ ಗುಂಗುರು ಕೂದಲಿನವರಿಗೆ ಹಲವು ದಿನಗಳದ್ದು ಒಟ್ಟಿಗೇ ಕೈಗೆ ಬರುವುದರಿಂದ ಗಾಬರಿಯಾಗುತ್ತದೆ. ಬೈತಲೆ ಅಗಲವಾಗುತ್ತಿದ್ದರೆ, ನಾಣ್ಯದಾಕಾರದಲ್ಲಿ ಕೂದಲು ಹೋದರೆ, ಗುಂಗುರಾಗಿದ್ದ ಕೂದಲು ಇದ್ದಕ್ಕಿದ್ದಂತೆ ಒರಟಾಗಿ ಜೊತೆಗೆ ಆಯಾಸ, ತೂಕದ ಏರುಪೇರು ಇದ್ದರೆ ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಅಗತ್ಯ. ನಗರದ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ.

ಕೂದಲಿನ ಸಹಜ ರೂಪದ ಕಾರಣಕ್ಕೆ ಶಾಲೆ, ಕಚೇರಿಗಳಲ್ಲಿ ತಾರತಮ್ಯ ಮಾಡುವಂತಿಲ್ಲವೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನನ್ನೇ ತಂದಿತು. ನಮ್ಮಲ್ಲಿ ಕಾನೂನಿಗಿಂತ ಮೊದಲು ಬೇಕಿರುವುದು ಮನೆಯವರ ನಾಲಿಗೆಯ ಮೇಲಿನ ಹಿಡಿತ. ಮಗುವಿನ ಕೂದಲನ್ನು ಪೊದೆಯೆಂದು ಹಳಿಯುವ ಬದಲು ವಾರಕ್ಕೊಮ್ಮೆ ಅರ್ಧ ಗಂಟೆ ಕುಳಿತು ಸಿಕ್ಕು ಬಿಡಿಸಿಕೊಟ್ಟರೆ, ದೊಡ್ಡವಳಾದ ಮೇಲೆ ಅದನ್ನು ನೇರಗೊಳಿಸಿಕೊಳ್ಳಲು ಆಕೆ ರಾಸಾಯನಿಕಗಳ ಮೊರೆಹೋಗುವ ಪ್ರಮೇಯ ಬಾರದಿರಬಹುದು.