ತಲೆಸುತ್ತಿನ ಸಾಕ್ಷ್ಯವೂ ದೂರವೈದ್ಯವೂ

ಗತಿಸಿದ ಘಟನೆಯನ್ನು ಉಳಿದುಬಂದ ಆಧಾರಗಳಿಂದ ತಿಳಿಯುವುದು ಇತಿಹಾಸಕಾರನ ಕೆಲಸ. ತಲೆಸುತ್ತಿನ ರೋಗಿಯನ್ನು ಪರೀಕ್ಷಿಸುವ ವೈದ್ಯನ ಪಾಡೂ ಬಹುಮಟ್ಟಿಗೆ ಇದೇ ಆಗಿದೆ. ರೋಗಿಯು ಆಸ್ಪತ್ರೆಯನ್ನು ಸೇರುವ ವೇಳೆಗೆ ಸುತ್ತು ಅನೇಕ ವೇಳೆ ನಿಂತುಹೋಗಿರುತ್ತದೆ. ಉಳಿದಿರುವುದು ಅವನ ಮಾತೊಂದೇ. ಮೊಬೈಲ್ ಫೋನು ಈ ಕೊರತೆಯನ್ನು ಎಷ್ಟರಮಟ್ಟಿಗೆ ತುಂಬಬಲ್ಲುದೆಂಬುದೇ ಇಲ್ಲಿನ ವಿಚಾರ.

ತಲೆಸುತ್ತನ್ನು ಮೆದುಳಿನ ವಿಕಾರವೆಂದೇ ಬಹುಮಂದಿ ವೈದ್ಯರು ಬಗೆದಿದ್ದ ಕಾಲದಲ್ಲಿ, 1861ರಲ್ಲಿ, ಪ್ರಾಸ್ಪೆರ್ ಮೆನ್ಯೇರ್ ಎಂಬಾತನು ಅದು ಒಳಕಿವಿಯಿಂದಲೂ ಹುಟ್ಟಬಹುದೆಂದು ಪ್ಯಾರಿಸಿನ ವೈದ್ಯ ಅಕಾಡೆಮಿಯ ಮುಂದೆ ಪ್ರತಿಪಾದಿಸಿದನು. ಬಳಿಕ ವಿಯೆನ್ನಾದ ರಾಬರ್ಟ್ ಬಾರಾನಿಯು, ಕಿವಿಗೆ ತಣ್ಣೀರು ಬಿಟ್ಟಾಗ ಕಣ್ಣಾಲಿಗಳು ಒಂದು ದಿಕ್ಕಿಗೂ ಬಿಸಿನೀರು ಬಿಟ್ಟಾಗ ಅದರ ಎದುರು ದಿಕ್ಕಿಗೂ ತುಯ್ಯುವುದನ್ನು ಕಂಡು, ಅದರ ಕಾರಣವನ್ನು ವಿವರಿಸಿದನು. 1914ರ ನೊಬೆಲ್ ಪಾರಿತೋಷಕವು ಅವನಿಗೆ ಸಂದಿತು. ಒಳಕಿವಿಯ ವ್ಯತ್ಯಾಸವು ಕಣ್ಣಿನಲ್ಲಿ ಗೋಚರಿಸುತ್ತದೆಂಬುದು ಹೀಗೆ ಸ್ಥಿರಪಟ್ಟಿತು.

ಕಣ್ಣಿನ ಈ ಕಂಪನವೇ ತಲೆಸುತ್ತಿನ ಮುಖ್ಯ ಸಾಕ್ಷಿ. ಕಿವಿಯ ದೋಷದಿಂದ ತಾನಾಗಿ ಹುಟ್ಟಿದ ಸುತ್ತು ಮುಂದುವರಿದಿರುವಾಗ, ರೋಗಿ ಎಡಕ್ಕೆ ನೋಡಿದರೂ ಬಲಕ್ಕೆ ನೋಡಿದರೂ ಕಂಪನವು ಸಾಮಾನ್ಯವಾಗಿ ಒಂದೇ ದಿಕ್ಕಿಗಿರುತ್ತದೆ. ನೋಟದೊಡನೆ ದಿಕ್ಕು ಬದಲಾದರೆ ಚಿಕ್ಕಮೆದುಳಿನ ಅಥವಾ ಮೆದುಳುಕಾಂಡದ ರಕ್ತಸಂಚಾರ ಕೆಟ್ಟಿರಬಹುದೆಂದು ಶಂಕಿಸಬೇಕಾಗುತ್ತದೆ. ಮೊದಲನೆಯದರಿಂದ ಪ್ರಾಣಾಪಾಯ ವಿರಳ. ಎರಡನೆಯದರಲ್ಲಿ ಗಳಿಗೆಗಳೇ ಅಮೂಲ್ಯ.

ಸುತ್ತು ಬಂದಾಗಲೇ ಮನೆಯವರು ಸಾಕಷ್ಟು ಬೆಳಕಿನಲ್ಲಿ ರೋಗಿಯ ಎರಡು ಕಣ್ಣುಗಳನ್ನೂ ಸಮೀಪದಿಂದ ಚಿತ್ರೀಕರಿಸಿದರೆ, ದೂರದಲ್ಲಿರುವ ತಜ್ಞನು ಆ ಕ್ಷಣವನ್ನು ಅನಂತರ ಪರಿಶೀಲಿಸಬಲ್ಲನು. ಸಿಡ್ನಿಯ ವೈದ್ಯರು ಕಣ್ಣಿನ ಚಲನೆಯನ್ನು ದಾಖಲಿಸುವ ಕನ್ನಡಕಗಳನ್ನು ರೋಗಿಗಳ ಮನೆಗೇ ಕೊಟ್ಟು ಪಡೆದ ಫಲವನ್ನು 2019ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ದೇಶದಲ್ಲಿ 2020ರ ಮಾರ್ಚ್ ತಿಂಗಳಲ್ಲಿ ಹೊರಬಿದ್ದ ದೂರವೈದ್ಯ ಮಾರ್ಗಸೂಚಿಯು ವೀಡಿಯೋ ಮೂಲಕ ಸಲಹೆ ನೀಡಲು ನಿಯಮಗಳನ್ನು ಗೊತ್ತುಪಡಿಸಿತು. ರೋಗಿಯನ್ನು ಎದುರಿಗೇ ಕಾಣಬೇಕೇ ಎಂಬ ನಿರ್ಣಯವನ್ನು ವೈದ್ಯನ ವಿವೇಚನೆಗೆ ಬಿಟ್ಟಿತು.

ಆದರೆ ಪ್ರತಿಯೊಂದು ದಾಖಲೆಗೂ ಅದರದೇ ಆದ ಮಿತಿಯುಂಟು. ದೃಷ್ಟಿಯು ಒಂದು ವಸ್ತುವಿನಲ್ಲಿ ನೆಟ್ಟಾಗ ಕಿವಿಯಿಂದಾದ ಕಂಪನವು ಅಡಗುವುದರಿಂದ, ಫೋನನ್ನೇ ದಿಟ್ಟಿಸುವ ರೋಗಿಯ ಚಿತ್ರದಲ್ಲಿ ಅದು ಕಾಣದೆ ಹೋಗಬಹುದು. ತಲೆಯನ್ನು ಥಟ್ಟನೆ ತಿರುಗಿಸಿ ಕಣ್ಣಿನ ಪ್ರತಿಕ್ರಿಯೆಯನ್ನು ನೋಡುವ ಪರೀಕ್ಷೆಗೆ ನುರಿತ ಕೈಯೇ ಬೇಕು. ಸುತ್ತಿನೊಡನೆ ಮಾತು ತೊದಲಿದರೆ, ವಸ್ತುಗಳು ಎರಡಾಗಿ ಕಂಡರೆ, ಕೈಕಾಲು ಸೋತರೆ ಅಥವಾ ನಿಲ್ಲಲಾಗದಿದ್ದರೆ, ಚಿತ್ರಕ್ಕಾಗಿ ಕಾಯದೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಫೋನು ಸಾಕ್ಷ್ಯವನ್ನು ಕಾಪಾಡಬಲ್ಲುದು. ಅದನ್ನು ಓದಿ ತೀರ್ಮಾನಿಸುವ ಹೊಣೆ ವೈದ್ಯನದಾಗಿಯೇ ಉಳಿದಿದೆ.